ಕೆಲಸಕ್ಕೆ ಹೋಗೋ ಅಮ್ಮಂದಿರು ಟೈಮ್ ಹೊಂದಿಸೋದು ಹೇಗೆ: ನಾನು ಎಡವಿ ಎಡವಿ ಕಲ್ತಿದ್ದು

ಹೋದ್ ವರ್ಷ ಸ್ಕೂಲಲ್ಲಿ ರಾಜ್ಯೋತ್ಸವದ ಪ್ರೋಗ್ರಾಂ ಇದ್ದ ದಿನ, ಬೆಳಗ್ಗೆ 7.10. ಒಂದು ಒಲೆ ಮೇಲೆ ಕುಕ್ಕರ್ ಎರಡನೇ ಕೂಗು ಹಾಕ್ತಾ ಇದೆ, ಇನ್ನೊಂದ್ರಲ್ಲಿ ಉಪ್ಪಿಟ್ಟಿಗೆ ರವೆ ಹುರೀತಾ ಇದೀನಿ, ಐದನೇ ಕ್ಲಾಸಿನ ಮಗಳು ಜಡೆ ಹಾಕಿಸ್ಕೊಳ್ಳೋಕೆ ಬಂದು ನಿಂತವಳು ತಣ್ಣಗೆ ಹೇಳ್ತಾಳೆ, "ಅಮ್ಮಾ, ಇವತ್ತು ನಾನು ಒನಕೆ ಓಬವ್ವ. ಒನಕೆ ಎಲ್ಲಿ?" ವಿಜಯನಗರದ ಎರಡನೇ ಮಹಡಿ ಬಾಡಿಗೆ ಮನೇಲಿ ಒನಕೆ ಎಲ್ಲಿಂದ ತರೋದು ನಾನು! ಕೊನೆಗೆ ನೆಲ ಒರೆಸೋ ಮಾಪಿನ ಕೋಲು ಬಿಚ್ಚಿ, ಅದಕ್ಕೆ ಹಳೇ ಟವೆಲ್ ದಪ್ಪಕ್ಕೆ ಸುತ್ತಿ, ಮೇಲೆ ಬುಕ್ಕಿಗೆ ಹಾಕೋ ಬ್ರೌನ್ ಶೀಟ್ ಅಂಟಿಸಿ ಕೊಟ್ಟೆ. ಅಷ್ಟರಲ್ಲಿ ರವೆ ಸೀದು ಹೋಯ್ತು, ಚಿಕ್ಕವನು ಶೂ ಹಾಕ್ಕೊಳ್ಳದೆ ಸೋಫಾ ಮೇಲೆ ಮತ್ತೆ ಮಲಗಿಬಿಟ್ಟಿದ್ದ, ನಾನು ಆಫೀಸಿಗೆ ಹೋಗೋ ಹೊತ್ತಿಗೆ ಮುಕ್ಕಾಲು ಗಂಟೆ ಲೇಟು. ಸಂಜೆ ಸ್ಕೂಲ್ ಗ್ರೂಪ್ ತೆಗೆದು ನೋಡಿದ್ರೆ ಮೆಸೇಜು ಐದು ದಿನದ ಹಿಂದೇನೇ ಬಂದಿತ್ತು, ಯಾವುದೋ ಮಗುವಿನ ಹ್ಯಾಪಿ ಬರ್ತ್‌ಡೇ ವಿಶ್‌ಗಳ ಕೆಳಗೆ ಹೂತು ಹೋಗಿತ್ತು.

ಆ ಕೋಲಿಗೆ ಹಿಡಿದಿದ್ದು ಹತ್ತು ನಿಮಿಷ ಕಣ್ರೀ. ಭಾನುವಾರ ಮಧ್ಯಾಹ್ನ ಮಾಡಿದ್ರೆ ಮಗಳ ಜೊತೆ ಕೂತು ನಗ್ತಾ ಮಾಡ್ಬಹುದಿತ್ತು. ಅಂದ್ರೆ ನನಗೆ ಆ ಹತ್ತು ನಿಮಿಷ ಇರ್ಲಿಲ್ಲ ಅಂತಲ್ಲ, ಇಡೀ ಮನೆಗೆ ನೆನಪಿಟ್ಕೊಳ್ಳೋ ತಲೆ ಅಂತ ಇದ್ದಿದ್ದು ನಂದೊಂದೇ, ಅದೂ ತುಂಬಿ ಹೋಗಿತ್ತು. ಇದು ಅರ್ಥ ಆದ್ಮೇಲೆ ಟೈಮ್ ಮ್ಯಾನೇಜ್‌ಮೆಂಟ್ ಅಂತ ನಾನು ಮಾಡ್ತಿದ್ದ ಅರ್ಧ ಸರ್ಕಸ್ ಬಿಟ್ಟೆ. ಬೆಳಗ್ಗೆ ನಾಲ್ಕಕ್ಕೆ ಏಳೋದು, ಮೂರು ಮೂರು ಆ್ಯಪ್ ಹಾಕ್ಕೊಳ್ಳೋದು, ಡೈರಿಗೆ ಬಣ್ಣ ಬಣ್ಣದ ಸ್ಟಿಕ್ಕರು, ಎಲ್ಲ ಹೋಯ್ತು. ಉಳ್ಕೊಂಡಿದ್ದನ್ನ ಇಲ್ಲಿ ಬರೀತಾ ಇದೀನಿ.

ನಮ್ಮನೆ ಲೆಕ್ಕ ಹೇಳ್ಬಿಡ್ತೀನಿ, ನಿಮ್ಮನೆಗೆ ಎಷ್ಟು ಹೊಂದತ್ತೆ ನೀವೇ ನೋಡ್ಕೊಳ್ಳಿ. ನಾನು ಒಂದು ಪ್ರೈವೇಟ್ ಕಂಪನಿ ಅಕೌಂಟ್ಸ್ ಸೆಕ್ಷನ್, ಆಫೀಸು ಇಂದಿರಾನಗರ, ಮೆಟ್ರೋದಲ್ಲಿ ಓಡಾಟ. ಯಜಮಾನ್ರಿಗೆ ಪೀಣ್ಯ ಕಡೆ ಕೆಲಸ. ಮಗಳು ಐದನೇ ಕ್ಲಾಸು, ಮಗ ಯುಕೆಜಿ. ಅತ್ತೆ ಜೊತೇಲಿದಾರೆ, ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. "ಅತ್ತೆ ಇದಾರಲ್ಲ ನಿಂಗೇನು ಬಿಡು" ಅನ್ನೋರಿಗೆ ಇಲ್ಲೇ ಹೇಳ್ತೀನಿ, ಅರವತ್ತೆಂಟು ವರ್ಷದವರು ಮನೇಲಿರೋದು ಬೇರೆ, ಆಯಾ ಇರೋದು ಬೇರೆ.

ಮೊದಲು ಒಂದು ವಾರ ಸುಮ್ನೆ ಬರೀರಿ

ಏನೂ ಬದಲಾಯಿಸ್ಬೇಡಿ. ಒಂದು ಹಳೇ ನೋಟ್‌ಬುಕ್ಕಲ್ಲಿ ಏಳು ದಿನ ಏನೇನು ಮಾಡಿದ್ರಿ ಅಂತ ಬರೀರಿ, ಆದ್ರೆ ಕೈ ಮಾಡಿದ ಕೆಲಸ ಒಂದು ಕಡೆ, ತಲೆ ಮಾಡಿದ ಕೆಲಸ ಇನ್ನೊಂದು ಕಡೆ. ಬಟ್ಟೆ ಒಣಗಿಸಿದ್ದು ಕೈ ಕೆಲಸ. ಮಳೆ ಬರೋ ಹಾಗಿದೆ ಬಟ್ಟೆ ತೆಗೀಬೇಕು ಅಂತ ಆಫೀಸಲ್ಲಿ ಕೂತು ಅತ್ತೆಗೆ ಫೋನ್ ಮಾಡಿದ್ದು ತಲೆ ಕೆಲಸ. ಗ್ಯಾಸ್ ಬುಕ್ ಮಾಡಿದ್ದು ಎರಡು ನಿಮಿಷದ ಕೈ ಕೆಲಸ, ಸಿಲಿಂಡರ್ ಇನ್ನೆಷ್ಟು ದಿನ ಬರಬಹುದು ಅಂತ ವಾರದಿಂದ ಲೆಕ್ಕ ಹಾಕ್ತಿದ್ದಿದ್ದು ತಲೆ ಕೆಲಸ. ನಾನು ಬರೆದಾಗ ಎರಡನೇ ಪಟ್ಟಿ ಮೊದಲನೇದಕ್ಕಿಂತ ಉದ್ದ ಬಂತು. ಮಗನ ಶೂ ಬಿಗಿ ಆಗ್ತಿದೆ, ಅತ್ತೆ ಬಿಪಿ ಮಾತ್ರೆ ಗುರುವಾರಕ್ಕೆ ಮುಗಿಯತ್ತೆ, ನಾದಿನಿ ಮನೆ ಗೃಹಪ್ರವೇಶಕ್ಕೆ ಏನು ಕೊಡೋದು, ಹಾಲಿನವನಿಗೆ ನಾಳೆ ಅರ್ಧ ಲೀಟರ್ ಜಾಸ್ತಿ ಹೇಳ್ಬೇಕು... ಇವು ಯಾವುದಕ್ಕೂ ಗಡಿಯಾರದಲ್ಲಿ ಜಾಗ ಇಲ್ಲ, ಆದ್ರೆ ಸುಸ್ತಾಗೋದು ಇವುಗಳಿಂದಾನೇ.

ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಟೈಮ್ ಯೂಸ್ ಸರ್ವೇ ಇದೆಯಲ್ಲ, ಅದರಲ್ಲಿ 15ರಿಂದ 59 ವಯಸ್ಸಿನ ಹೆಂಗಸರು ಸಂಬಳ ಇಲ್ಲದ ಮನೆಕೆಲಸಕ್ಕೆ ದಿನಕ್ಕೆ 305 ನಿಮಿಷ ಕೊಡ್ತಾರೆ ಅಂತಿದೆ. ಐದು ಗಂಟೆ ಮೇಲೆ. ಮಕ್ಕಳು ವಯಸ್ಸಾದವರನ್ನ ನೋಡ್ಕೊಳ್ಳೋದು ಬೇರೆ ಲೆಕ್ಕ, ಅದನ್ನ ಮಾಡೋರಲ್ಲಿ ಹೆಂಗಸರು 140 ನಿಮಿಷ, ಗಂಡಸರು 74. ನಮ್ಮೆಜಮಾನ್ರಿಗೆ ಇದನ್ನ ಓದಿ ಹೇಳಿದಾಗ "ನಂದು 74ಕ್ಕಿಂತ ಜಾಸ್ತಿ ಇರತ್ತೆ ಕಣೇ" ಅಂದ್ರು. ನೋಟ್‌ಬುಕ್ ಮುಂದಿಟ್ಟೆ. ಸುಮ್ನಾದ್ರು. ಬರೆದಿಡೋದರ ಲಾಭ ಇದೇ, ಜಗಳಕ್ಕೆ ಜಾಗ ಕಮ್ಮಿ.

ತಲೇಲಿರೋದನ್ನ ಗೋಡೆಗೆ ಹಾಕಿ

ಫೋನ್ ಕ್ಯಾಲೆಂಡರ್ ಚೆನ್ನಾಗಿದೆ, ಆದ್ರೆ ಅದು ನನ್ನ ಫೋನಲ್ಲಿ ಇದ್ರೆ ಮತ್ತೆ ನನ್ನ ತಲೇಲೇ ಇದ್ದ ಹಾಗೆ. ಮನೇಲಿ ಎಲ್ಲರ ಕಣ್ಣಿಗೂ ಬೀಳೋ ಜಾಗ ಬೇಕು. ನಮ್ಮನೇಲಿ ಹಾಲಿನ ಲೆಕ್ಕ ಬರಿಯೋ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಪಕ್ಕ ಯಾವಾಗ್ಲೂ ಇದ್ದೇ ಇತ್ತು, ಅದಕ್ಕೊಂದು ಪೆನ್ನು ದಾರ ಕಟ್ಟಿ ನೇತು ಹಾಕಿದೆ, ಮುಗೀತು. ದಾರ ಕಟ್ಟಲೇಬೇಕು, ಇಲ್ಲಾಂದ್ರೆ ಎರಡೇ ದಿನಕ್ಕೆ ಪೆನ್ನು ಮಾಯ.

ಅದರಲ್ಲಿ ಮೊದಲು ನನ್ನ ಆಫೀಸಿನ ಬಿಸಿ ದಿನಗಳು ಹೋಗ್ತವೆ. ಅಕೌಂಟ್ಸ್‌ನವರಿಗೆ ಗೊತ್ತಿರತ್ತೆ, 7ನೇ ತಾರೀಕು ಟಿಡಿಎಸ್, ಅಂದ್ರೆ ಮೊದಲೇ ಹಿಡ್ಕೊಂಡ ತೆರಿಗೆ ಕಟ್ಬೇಕು, 11ಕ್ಕೆ ಜಿಎಸ್‌ಟಿಆರ್-1 ಅನ್ನೋ ಜಿಎಸ್‌ಟಿ ರಿಟರ್ನ್, 15ಕ್ಕೆ ನೌಕರರ ಪಿಎಫ್ ಇಎಸ್‌ಐ, 20ಕ್ಕೆ ಜಿಎಸ್‌ಟಿದೇ ಇನ್ನೊಂದು ರಿಟರ್ನ್ 3ಬಿ. ಅಂದ್ರೆ ತಿಂಗಳ ಮೊದಲ ಇಪ್ಪತ್ತು ದಿನದಲ್ಲಿ ನಾಲ್ಕು ಸಲ ನಾನು ಮನೆಗೆ ಲೇಟು. ಇಷ್ಟು ವರ್ಷ ಇದು ನನಗೊಬ್ಬಳಿಗೇ ಗೊತ್ತಿತ್ತು, ಮನೆಯವರಿಗೆ ಪ್ರತಿ ಸಲ ಅದು ಹೊಸ ಸುದ್ದಿ. ಈಗ ಕೆಂಪು ಪೆನ್ನಲ್ಲಿ ಸುತ್ತು ಹಾಕಿರತ್ತೆ, ಆ ಹಿಂದಿನ ದಿನವೇ "ನಾಳೆ ಅಮ್ಮ ಲೇಟು, ನಾಳೆ ಪುಳಿಯೋಗರೆ" ಅಂತ ಮಗಾನೇ ಹಾಡು ಹೇಳ್ತಾನೆ. ನಿಮ್ಮ ಕೆಲಸದಲ್ಲೂ ಇಂಥ ದಿನಗಳಿರ್ತವೆ, ಬ್ಯಾಂಕಿನವರಿಗೆ ಕ್ವಾರ್ಟರ್ ಎಂಡ್, ಟೀಚರ್‌ಗಳಿಗೆ ಪೇಪರ್ ವ್ಯಾಲ್ಯುಯೇಶನ್ನು, ನರ್ಸ್‌ಗಳಿಗೆ ನೈಟ್ ಡ್ಯೂಟಿ ವಾರ. ಅವನ್ನ ಮೊದಲು ಹಾಕಿ, ಆಮೇಲೆ ಉಳಿದ ಜಾಗದಲ್ಲಿ ಸ್ಕೂಲಿನದ್ದು, ಡಾಕ್ಟರದ್ದು, ಮದುವೆ ಮುಂಜಿ.

ಮಾರ್ಚ್ ತಿಂಗಳ ಬಗ್ಗೆ ಒಂದು ಮಾತು. ಇಯರ್ ಎಂಡಿಂಗೂ ಮಕ್ಕಳ ಪರೀಕ್ಷೆನೂ ಒಟ್ಟಿಗೇ ಬಂದು ಕೂರ್ತವೆ. ಆ ತಿಂಗಳು ನಾನು ಯಾವ ಫಂಕ್ಷನ್ನಿಗೂ ಹೂಂ ಅನ್ನಲ್ಲ, ಅಡುಗೇಲಿ ಹೊಸದೇನೂ ಮಾಡಲ್ಲ, ಕಿಟಕಿ ಗಾಜು ಒರೆಸಲ್ಲ. ಯುಗಾದಿಗೆ ಹೋಳಿಗೆನ ಅಂಗಡಿಯಿಂದ ತರ್ತೀವಿ, ಬೇವು ಬೆಲ್ಲ ಮಾತ್ರ ಮನೇದು.

ಹಬ್ಬ ಅಂದಾಗ ನೆನಪಾಯ್ತು, ವರಮಹಾಲಕ್ಷ್ಮಿ ಹಬ್ಬ ಯಾವಾಗ್ಲೂ ಶುಕ್ರವಾರವೇ ಬರೋದು, ಎಷ್ಟೋ ಪ್ರೈವೇಟ್ ಆಫೀಸಲ್ಲಿ ಅವತ್ತು ರಜೆ ಇರಲ್ಲ. ಹೊಸ ಕ್ಯಾಲೆಂಡರ್ ಬಂದ ದಿನವೇ ಆ ಶುಕ್ರವಾರ ಹುಡುಕಿ ರಜೆಗೆ ಹಾಕ್ಬಿಡಿ, ಯಾಕಂದ್ರೆ ಆಗಸ್ಟಲ್ಲಿ ಹಾಕೋಕೆ ಹೋದ್ರೆ ನಿಮ್ಮ ಸೆಕ್ಷನ್ನಿನ ಎಲ್ಲ ಹೆಂಗಸರೂ ಅವತ್ತಿಗೇ ಹಾಕಿರ್ತಾರೆ.

ರಾತ್ರಿ ಅರ್ಧ ಗಂಟೆ

ಬೆಳಗ್ಗೆ ಬೇಗ ಏಳಿ ಅನ್ನೋ ಬುದ್ಧಿಮಾತು ಎಲ್ಲರೂ ಕೊಡ್ತಾರೆ. ನಾನು ಆರು ತಿಂಗಳು ನಾಲ್ಕಕ್ಕೆ ಎದ್ದಿದೀನಿ. ಮಧ್ಯಾಹ್ನ ಮೂರಕ್ಕೆ ಎಕ್ಸೆಲ್ ಶೀಟ್ ಮುಂದೆ ಕಣ್ಣು ಎಳೀತಿತ್ತು, ಸಂಜೆ ಮಕ್ಕಳ ಮೇಲೆ ರೇಗ್ತಿದ್ದೆ. ನಿದ್ದೆ ಕದ್ದು ಟೈಮ್ ಮಾಡ್ಕೊಳ್ಳೋದು ಸಾಲ ತಗೊಂಡ ಹಾಗೆ, ಬಡ್ಡಿ ಮನೆಯವರೆಲ್ಲ ಕಟ್ತಾರೆ. ಈಗ 5.45ಕ್ಕೆ ಏಳ್ತೀನಿ, ಯಾಕಂದ್ರೆ ಬೆಳಗಿನ ಅರ್ಧ ಕೆಲಸ ರಾತ್ರೀನೇ ಮುಗಿದಿರತ್ತೆ.

ಊಟ ಆಗಿ 9 ಗಂಟೆ ಹೊತ್ತಿಗೆ ಟಿವಿ ಆಫ್. ಎಲ್ಲರಿಗೂ ಒಂದೊಂದು ಕೆಲಸ, ಒಬ್ಬರೂ ಕೂರೋ ಹಾಗಿಲ್ಲ. ಮಗಳು ತನ್ನ ಬ್ಯಾಗು, ತಮ್ಮನ ಬ್ಯಾಗು ಎರಡೂ ನೋಡಿ ಬಾಗಿಲ ಹತ್ರ ಇಡ್ತಾಳೆ. ಮಗ ನಾಲ್ಕು ಜನದ ಚಪ್ಪಲಿ ಶೂ ಸಾಲಾಗಿ ಇಡ್ತಾನೆ, ಸಾಕ್ಸು ಶೂ ಒಳಗೇ. ಯಜಮಾನ್ರು ವಾಟರ್ ಬಾಟ್ಲು ಡಬ್ಬಿ ತೊಳೆದು ಬೋರಲು ಹಾಕಿ, ಕುಕ್ಕರಿಗೆ ಅಕ್ಕಿ ಅಳೆದು ಪಕ್ಕಕ್ಕಿಡ್ತಾರೆ. ನಾನು ನಾಳೆ ತರಕಾರಿ ಹೆಚ್ಚಿ ಡಬ್ಬಿಗೆ ಹಾಕಿ, ಚಪಾತಿ ದಿನ ಆದ್ರೆ ಹಿಟ್ಟು ಕಲಸಿ ಫ್ರಿಜ್ಜಲ್ಲಿಟ್ಟು, ನನ್ನ ಬಟ್ಟೆ ಐರನ್ ಸಮೇತ ಹ್ಯಾಂಗರಿಗೆ. ಸೀರೆ ಉಡೋರು ಬ್ಲೌಸು, ಪಿನ್ನು, ಪೆಟಿಕೋಟು ಎಲ್ಲ ಒಂದೇ ಕಡೆ ಇಟ್ಕೊಳ್ಳಿ, ಬೆಳಗ್ಗೆ ಪಿನ್ನು ಹುಡುಕೋದಿದೆಯಲ್ಲ ಅದಕ್ಕಿಂತ ದೊಡ್ಡ ಕಾಲಹರಣ ಇಲ್ಲ. ಕೊನೇಲಿ ಕ್ಯಾಲೆಂಡರ್ ಮುಂದೆ ಒಂದು ನಿಮಿಷ ನಿಂತು ನಾಳೆ ಏನಿದೆ ಅಂತ ಮಗಳು ಜೋರಾಗಿ ಓದ್ತಾಳೆ. ಒನಕೆ ಪ್ರಸಂಗ ಆದ್ಮೇಲೆ ಈ ಓದೋದು ಶುರುವಾಗಿದ್ದು. ಮೊದಲ ಹತ್ತು ದಿನ ಮುಖ ಸಿಂಡರಿಸಿದ್ರು, ನಂತರ ಹಲ್ಲುಜ್ಜೋ ಹಾಗೆ ಅಭ್ಯಾಸ ಆಯ್ತು.

ಅರ್ಧ ಗಂಟೆ ಆದ್ಮೇಲೆ ಅಡುಗೆಮನೆ ಲೈಟ್ ಆಫ್, ಏನು ಉಳಿದಿದ್ರೂ ಅಷ್ಟೇ. ಸಿಂಕಲ್ಲಿ ಎರಡು ಲೋಟ ಉಳಿದ್ರೆ ಉಳೀಲಿ. ಈ ಗೆರೆ ಹಾಕ್ದೇ ಇದ್ರೆ ಅರ್ಧ ಗಂಟೆ ಹನ್ನೊಂದೂವರೆಗೆ ಮುಗಿಯತ್ತೆ.

ಅಡುಗೆ: ವಾರಕ್ಕೆ ಒಂದೇ ಸಲ ಯೋಚನೆ

ಅಡುಗೆ ಮಾಡೋದಕ್ಕಿಂತ "ನಾಳೆ ತಿಂಡಿಗೇನು" ಅನ್ನೋ ಪ್ರಶ್ನೆ ನನಗೆ ಜಾಸ್ತಿ ಕಷ್ಟ. ಹಂಗಾಗಿ ವಾರದ ತಿಂಡಿ ಫಿಕ್ಸ್. ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಬುಧವಾರ ಅವಲಕ್ಕಿ, ಗುರುವಾರ ಚಪಾತಿ ಪಲ್ಯ, ಶುಕ್ರವಾರ ಚಿತ್ರಾನ್ನ ಇಲ್ಲ ಪುಳಿಯೋಗರೆ. ಶನಿವಾರ ಭಾನುವಾರ ಯಾರಿಗೆ ಏನು ಬೇಕೋ ಕೇಳ್ಬಹುದು. ಬೇಜಾರಾಗಲ್ವಾ ಅಂತ ಅಕ್ಕ ಕೇಳಿದ್ಲು. ಆಗತ್ತೆ, ಅದಕ್ಕೇ ಪಲ್ಯ ಚಟ್ನಿ ಬದಲಾಯಿಸ್ತೀವಿ. ಇಡ್ಲಿ ಬದಲಾಗಲ್ಲ.

ಭಾನುವಾರದ ಕೆಲಸ ಹೀಗೆ. ಬೆಳಗ್ಗೆ ಹತ್ತಕ್ಕೆ ಮೂರು ಪಾವು ದೋಸೆ ಅಕ್ಕಿ, ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕ್ತೀನಿ, ರುಬ್ಬೋ ಹೊತ್ತಿಗೆ ಒಂದು ಹಿಡಿ ಅವಲಕ್ಕಿ. ಸಂಜೆ ಐದಕ್ಕೆ ರುಬ್ಬಿ ಇಟ್ರೆ ಸೋಮವಾರ ಬೆಳಗ್ಗೆಗೆ ಉಕ್ಕಿರತ್ತೆ. ಡಿಸೆಂಬರ್ ಜನವರಿ ಬೆಂಗಳೂರು ಚಳೀಲಿ ಉಕ್ಕಲ್ಲ, ಆಗ ಎರಡು ಗಂಟೆ ಮುಂಚೆ ರುಬ್ಬಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಮೈಕ್ರೋವೇವ್ ಒಳಗೆ ಆನ್ ಮಾಡದೆ ಸುಮ್ನೆ ಮುಚ್ಚಿಡಿ, ಗಾಳಿ ತಾಗಲ್ಲ. ಹೊಸ ಹಿಟ್ಟು ಸೋಮವಾರ ಇಡ್ಲಿಗೆ, ಮಂಗಳವಾರ ದೋಸೆಗೆ, ಬುಧವಾರ ರಾತ್ರಿ ಹುಳಿ ಬಂದ ತಳದ ಹಿಟ್ಟಿಗೆ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಪಡ್ಡು. ಒಂದು ಸಲ ರುಬ್ಬಿದ್ದು ಮೂರು ಹೊತ್ತಿಗಾಯ್ತು.

ಎರಡು ತೆಂಗಿನಕಾಯಿ ತುರಿದು ಸಣ್ಣ ಸಣ್ಣ ಡಬ್ಬೀಲಿ ಫ್ರೀಜರಿಗೆ, ಒಂದು ಡಬ್ಬಿ ಒಂದು ಹೊತ್ತಿನ ಅಳತೆ. ಎಲ್ಲ ಒಂದೇ ಡಬ್ಬೀಲಿಟ್ರೆ ಬೆಳಗ್ಗೆ ಕಲ್ಲು ಕೆತ್ತಿದ ಹಾಗೆ ಕೆತ್ತಬೇಕು, ಅನುಭವ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ತಿಂಗಳಿಗೊಂದು ಸಲ. ಪುಳಿಯೋಗರೆ ಗೊಜ್ಜನ್ನ ಎಣ್ಣೆ ಮೇಲೆ ತೇಲೋವರೆಗೂ ಕುದಿಸಿ ಬಾಟ್ಲಿಗೆ ಹಾಕಿದ್ರೆ ಕೆಂಪು ಸುತ್ತಿನ ದಿನಗಳಿಗೆಲ್ಲ ಅದೇ ಆಸರೆ, ಅನ್ನ ಮಾಡಿ ಕಲಸೋದಷ್ಟೇ, ಅದನ್ನ ಯಾರು ಬೇಕಾದ್ರೂ ಮಾಡ್ತಾರೆ. ಯಾರು ಬೇಕಾದ್ರೂ ಮಾಡೋ ಹಾಗಿರೋ ಅಡುಗೆ ಮನೇಲಿ ಒಂದಾದ್ರೂ ಇರ್ಲೇಬೇಕು, ಇದು ರುಚಿಗಿಂತ ಮುಖ್ಯ.

ಇನ್ನು ಬಿಡೋದು ಏನು ಅಂತ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ವಾರದ ದಿನ ಮಾಡ್ತೀನಿ ಅಂತ ಹೊರಟ್ರೆ ಕೆಟ್ಟಿರಿ. ಹಿತಕಿರೋದೇ ಮಾರ್ಕೆಟ್ಟಲ್ಲಿ ಸಿಗತ್ತೆ, ತಗೊಳ್ಳಿ, ಇಲ್ಲಾಂದ್ರೆ ಭಾನುವಾರ ಮಧ್ಯಾಹ್ನ ಇಡೀ ಮನೇನ ಪೇಪರ್ ಹಾಸಿ ಕೂರಿಸಿ. ನಮ್ಮತ್ತೆಗೆ ಕೊಂಡು ತಂದ ಬೇಳೆ ಕಂಡ್ರೆ ಇವತ್ತಿಗೂ ಮೂಗು ಮುರೀತಾರೆ, ಆದ್ರೆ ಸಾರು ಎರಡು ಸಲ ಹಾಕಿಸ್ಕೋತಾರೆ.

ಸಹಾಯ ಬೇಡ, ಪೂರ್ತಿ ಕೆಲಸ ಕೊಡಿ

ಈ ಬರಹದಲ್ಲಿ ಒಂದೇ ಒಂದು ಓದ್ತೀರಾ ಅಂದ್ರೆ ಇದನ್ನ ಓದಿ. "ಏನ್ ಮಾಡ್ಲಿ ಹೇಳು, ಮಾಡ್ತೀನಿ" ಅನ್ನೋ ಗಂಡ ಒಳ್ಳೆಯವರೇ, ಜಗಳ ಇಲ್ಲ. ಆದ್ರೆ ಆ ಹೇಳೋದೇ ಒಂದು ಕೆಲಸ ರೀ. ಏನು ಬಾಕಿ ಇದೆ ಅಂತ ನೋಡಿ, ಯಾವಾಗ ಮಾಡ್ಬೇಕು ಅಂತ ಯೋಚಿಸಿ, ಅವರಿಗೆ ಹೇಳಿ, ಮರೆತ್ರಾ ಅಂತ ಮತ್ತೆ ಕೇಳಿ... ಕೈ ಅವರದ್ದು, ತಲೆ ಮತ್ತೆ ನಿಮ್ಮದೇ. ಹಂಗಾಗಿ ಒಂದು ಕೆಲಸ ಕೊಟ್ರೆ ಬುಡದಿಂದ ತುದೀವರೆಗೂ ಕೊಡಿ.

ನಮ್ಮನೇಲಿ ಮೊದಲು ಕೊಟ್ಟಿದ್ದು ಮಕ್ಕಳ ಸ್ನ್ಯಾಕ್ಸ್ ಡಬ್ಬಿ. "ರೀ, ಇನ್ಮೇಲೆ ಡಬ್ಬಿ ನಿಮ್ಮದು" ಅಂದೆ. "ಡಬ್ಬಿ ಅಂದ್ರೆ? ತುಂಬಿಸ್ಬೇಕಾ?" "ಏನು ಹಾಕೋದು, ಅದಕ್ಕೆ ಏನು ತರೋದು, ಸ್ಕೂಲಲ್ಲಿ ಯಾವ ದಿನ ಏನು ಹಾಕ್ಬಾರದು, ತುಂಬಿಸೋದು, ತೊಳೆಯೋದು, ಮುಚ್ಚಳ ಕಳೆದ್ರೆ ಹುಡುಕೋದು, ಎಲ್ಲ." ಮೊದಲ ವಾರ ಮೂರು ದಿನ ಬಿಸ್ಕತ್ತೇ ಹೋಯ್ತು. ಮುಚ್ಚಳದ ರಬ್ಬರ್ ಬಿಚ್ಚಿ ತೊಳೀಬೇಕು ಅಂತ ಗೊತ್ತಿಲ್ದೆ ಗುರುವಾರ ಹೊತ್ತಿಗೆ ಡಬ್ಬಿ ತೆಗೆದ್ರೆ ಹುಳಿ ವಾಸನೆ. ನಾಲಿಗೆ ತುದೀಗೆ ಬಂದಿತ್ತು, ಕಚ್ಕೊಂಡೆ. ಅತ್ತೆ ಬೇರೆ "ಗಂಡಸಿನ ಕೈಲಿ ಡಬ್ಬಿ ತೊಳಿಸ್ತಾರೇನಮ್ಮ" ಅಂದ್ರು. "ಅವರು ತಿನ್ನೋ ತಟ್ಟೆನೂ ಗಂಡಸಿಂದೇ ಅಲ್ವಾ ಅತ್ತೆ" ಅಂದು ನಕ್ಕು ಆಚೆ ಬಂದೆ. ಎರಡನೇ ವಾರ ಮಗಳೇ ಅಪ್ಪಂಗೆ ರಬ್ಬರ್ ಬಿಚ್ಚೋದು ತೋರಿಸಿದ್ಲು, ತೋರಿಸಿದ ಮೇಲೆ ಅವರು ಟೂತ್‌ಪಿಕ್ ಇಟ್ಕೊಂಡು ಎಷ್ಟು ನೀಟಾಗಿ ತೊಳೆದ್ರು ಅಂದ್ರೆ ನಾನೂ ಯಾವತ್ತೂ ಹಾಗೆ ತೊಳೆದಿರ್ಲಿಲ್ಲ. ಮೂರನೇ ವಾರ ಒಂದು ರಾತ್ರಿ ನಾನು ತರಕಾರಿ ಹೆಚ್ತಾ ಇದೀನಿ, ಮಗಳು ನನ್ನನ್ನ ದಾಟ್ಕೊಂಡು ಹೋಗಿ "ಅಪ್ಪಾ, ನಾಳೆ ಕಡ್ಲೆಕಾಳು ಬೇಡ ಅಪ್ಪಾ, ಸೀಬೆಹಣ್ಣು ಹಾಕು" ಅಂದ್ಲು. ನನ್ನನ್ನ ಕೇಳ್ಲಿಲ್ಲ! ಚಾಕು ಹಿಡ್ಕೊಂಡು ಹಾಗೇ ನಿಂತೆ.

ಆಮೇಲೆ ಸ್ಕೂಲ್ ಗ್ರೂಪು. ಎಷ್ಟೋ ಸ್ಕೂಲ್ ಗ್ರೂಪಲ್ಲಿ ಅಮ್ಮಂದಿರ ನಂಬರ್ ಮಾತ್ರ ಇರತ್ತೆ. ಟೀಚರ್ ಹತ್ರ ಮಾತಾಡಿ ಅಪ್ಪನ ನಂಬರೂ ಹಾಕಿಸಿ, ಸ್ಕೂಲಿಂದ ಫೋನ್ ಮಾಡೋ ಮೊದಲ ನಂಬರು ಹತ್ತಿರ ಇರೋರದ್ದು ಅಂತ ಬರೆಸಿ. ಈಗ ಗ್ರೂಪು ಓದಿ ಕ್ಯಾಲೆಂಡರಿಗೆ ಏರಿಸೋದು ಅವರ ಜವಾಬ್ದಾರಿ, ನಾನು ಮ್ಯೂಟ್ ಮಾಡಿದೀನಿ. ಒಂದು ಸಲ ಫೀಸಿನ ಡೇಟು ತಪ್ಪಿ ಫೈನ್ ಬಿತ್ತು. ಬೀಳ್ಲಿ, ಮರುದಿನದಿಂದ ಅವರೇ ಅಲಾರಂ ಇಟ್ಕೊಂಡ್ರು. ಕಷ್ಟದ ಭಾಗ ಇದೇ, ಅವರು ತಪ್ಪು ಮಾಡೋವಾಗ ಮಧ್ಯೆ ಹೋಗಿ ಕಿತ್ಕೊಂಡು ಮಾಡ್ಬಾರ್ದು. ಕಿತ್ಕೊಂಡ್ರೆ ಆ ಕೆಲಸ ಜೀವನಪೂರ್ತಿ ನಿಮ್ಮದೇ.

ಅತ್ತೆಗೆ ಅವರಿಗಿಷ್ಟ ಇರೋದನ್ನ ಮಾತ್ರ ಬಿಟ್ಟಿದೀನಿ, ಸೊಪ್ಪು ಬಿಡಿಸೋದು, ಹೂ ಕಟ್ಟೋದು, ಮಧ್ಯಾಹ್ನ ವ್ಯಾನ್ ಬಂದಾಗ ಮೇಲಿಂದ ನಿಂತು ಮಗನ ಹೆಸರು ಹಿಡಿದು ಕೂಗೋದು. ಪಾತ್ರೆ ತೊಳೆಯೋಕೆ ಬರೋ ಅಕ್ಕಂಗೆ ತಿಂಗಳಿಗೆ ಎರಡು ರಜೆ ಅಂತ ಮಾತಾಗಿದೆ, ಯಾವತ್ತು ಅಂತ ಅವರೇ ಮುಂಚೆ ಹೇಳ್ತಾರೆ, ಅದೂ ಗೋಡೆ ಮೇಲೆ. ಹೇಳದೆ ರಜೆ ಹಾಕ್ತಾರೆ ಅಂತ ಬೈಯೋ ಮುಂಚೆ ಹೇಳೋಕೆ ಧೈರ್ಯ ಬರೋ ಹಾಗೆ ನಡ್ಕೊಂಡಿದೀವಾ ನೋಡ್ಕೋಬೇಕು, ಅವರೂ ಕೆಲಸಕ್ಕೆ ಹೋಗೋ ಅಮ್ಮನೇ ತಾನೆ, ಅವರ ಮಕ್ಕಳಿಗೂ ಜ್ವರ ಬರತ್ತೆ.

ಆಫೀಸು, ದಾರಿ

ತಲೆ ಓಡೋ ಹೊತ್ತಲ್ಲಿ ತಲೆ ಕೆಲಸ. ನನಗೆ ಬೆಳಗ್ಗೆ ಹನ್ನೊಂದೂವರೆವರೆಗೆ ರೀಕನ್ಸಿಲಿಯೇಶನ್, ಅಂದ್ರೆ ಎರಡು ಕಡೆ ಲೆಕ್ಕ ತಾಳೆ ನೋಡೋ ಥರದ್ದು, ಆಗ ಮೇಲ್ ತೆಗೆಯಲ್ಲ. ಊಟ ಆದ್ಮೇಲೆ ಬಿಲ್ಲು, ಫೋನು, ಫೈಲಿಂಗು. ಸಂಜೆ 5.45ಕ್ಕೆ ಹೊರಡ್ತೀನಿ. ಹಿಂದೆ ಒಂದು ಕಡೆ ಕೆಲಸ ಮಾಡ್ತಿದ್ದಾಗ ದಿನಾ ಐದೂವರೆಗೆ ಮೀಟಿಂಗ್ ಕರೆಯೋ ಮ್ಯಾನೇಜರ್ ಇದ್ರು, ಮಗು ಸಣ್ಣದು ಸಾರ್, ಅತ್ತೆಗೆ ಹುಷಾರಿಲ್ಲ ಸಾರ್ ಅಂತ ದಿನಾ ಕತೆ ಹೇಳಿ ಹೇಳಿ ನನಗೇ ನಾಚಿಕೆ ಆಗ್ತಿತ್ತು. ಕೊನೆಗೆ ಕತೆ ಬಿಟ್ಟೆ. "ನಾನು 5.45ರವರೆಗೆ ಇರ್ತೀನಿ ಸಾರ್, ನನ್ನ ಪಾಯಿಂಟ್ ಮೊದಲು ತಗೊಳ್ಳಿ" ಅಂತ ಅಷ್ಟೇ. ಎರಡು ಸಲ ಮುಖ ದಪ್ಪ ಮಾಡಿದ್ರು, ಮೂರನೇ ಸಲದಿಂದ ನಂದೇ ಮೊದಲು. ಕಾರಣ ಉದ್ದ ಆದಷ್ಟೂ ಅದು ಬೇಡಿಕೊಳ್ಳೋ ಥರ ಕೇಳ್ಸತ್ತೆ.

ಮೆಟ್ರೋದಲ್ಲಿ ನನಗೆ ಒಂದು ಕಡೆಗೆ ಅರ್ಧ ಗಂಟೆ ಹತ್ರ ಆಗತ್ತೆ. ವಿಜಯನಗರದಲ್ಲಿ ಹತ್ತಿ ಮಾಗಡಿ ರೋಡ್ ಬರೋದ್ರೊಳಗೆ ಕರೆಂಟ್ ಬಿಲ್ಲು, ಔಷಧಿ ಆರ್ಡರು ಇಂಥದ್ದು ಮುಗಿಸ್ತೀನಿ. ಅಲ್ಲಿಂದ ರೈಲು ಸುರಂಗಕ್ಕಿಳಿದ್ರೆ ಎಂಜಿ ರೋಡಲ್ಲೇ ಮೇಲೆ ಬರೋದು, ಅಷ್ಟು ಹೊತ್ತು ಫೋನು ಬ್ಯಾಗಿಗೆ, ಕಣ್ಣು ಮುಚ್ಚಿ ಕೂರೋದು, ಸೀಟ್ ಸಿಗದಿದ್ರೆ ಕಂಬಕ್ಕೊರಗಿ. ಮನೆಗೂ ಆಫೀಸಿಗೂ ನಡುವೆ ಯಾರಿಗೂ ಸೇರದ ಹತ್ತು ನಿಮಿಷ ಅದು, ಅದಕ್ಕೂ ಕೆಲಸ ತುಂಬಿಸ್ಬೇಡಿ.

ನಿಮ್ಮ ಹಕ್ಕು ಏನೇನಿದೆ ಅಂತಲೂ ತಿಳ್ಕೊಂಡಿರಿ, ಎಷ್ಟೋ ಜನ ಕೇಳೋದೇ ಇಲ್ಲ. 2017ರ ತಿದ್ದುಪಡಿ ಆದಾಗಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ, ಸಂಬಳ ಸಮೇತ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಶ್ ವ್ಯವಸ್ಥೆ ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ರಜೆ ಮುಗಿದ ಮೇಲೆ ಕೆಲಸದ ರೀತಿ ಹೊಂದೋ ಹಾಗಿದ್ರೆ ಮಾತಾಡ್ಕೊಂಡು ಮನೆಯಿಂದ ಮಾಡೋಕೂ ಕಾನೂನಲ್ಲಿ ಜಾಗ ಇದೆ. 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿದೆ, ನಿಮ್ಮಲ್ಲಿ ಅದನ್ನ ಹೇಗೆ ತಗೋಬೇಕು ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಬಾಯಲ್ಲಿ ಬೇಡ, ಮೇಲಲ್ಲೇ.

ಜ್ವರ ಬಂದ ದಿನ, ಏಪ್ರಿಲ್ ಬಂದ ತಿಂಗಳು

ಎಷ್ಟೇ ಪ್ಲಾನ್ ಮಾಡಿದ್ರೂ ಬೆಳಗ್ಗೆ ಆರಕ್ಕೆ ಮಗುವಿನ ಹಣೆ ಸುಡ್ತಿರತ್ತೆ. ಆಗ ಯಾರು ರಜೆ ಹಾಕೋದು ಅಂತ ಅವತ್ತು ಜಗಳ ಆಡೋ ಬದಲು ನಾವು ಪಾಳಿ ಮಾಡ್ಕೊಂಡಿದೀವಿ. ಹೋದ್ ಸಲ ನಾನು ಹಾಕಿದ್ರೆ ಈ ಸಲ ಅವರು, ಕೆಂಪು ಸುತ್ತಿನ ದಿನ ಮಾತ್ರ ಅದಲು ಬದಲು. ಜ್ವರದ ಸಿರಪ್ಪು, ಥರ್ಮಾಮೀಟರು, ಮಗುವಿನ ತೂಕ ಬರೆದ ಚೀಟಿ, ಡಾಕ್ಟರ್ ಫೈಲು ಎಲ್ಲ ಒಂದೇ ಸ್ಟೀಲ್ ಡಬ್ಬೀಲಿ, ಅತ್ತೆಗೂ ಗೊತ್ತಿರೋ ಜಾಗದಲ್ಲಿ.

ಬೇಸಿಗೆ ರಜೆಗೆ ಮಾತ್ರ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ. ಏಪ್ರಿಲ್ ಎರಡನೇ ವಾರ ಸ್ಕೂಲ್ ಮುಚ್ಚಿದ್ರೆ ತೆಗೆಯೋದು ಮೇ ಕೊನೆಗೆ, ಅಷ್ಟು ರಜೆ ಯಾವ ಆಫೀಸೂ ಕೊಡಲ್ಲ. ತುಂಡು ತುಂಡು ಮಾಡಿ ಹೊಲೀತೀವಿ. ಮೊದಲ ಎರಡು ವಾರ ನಮ್ಮಮ್ಮ ತಿಪಟೂರಿಂದ ಬರ್ತಾರೆ, 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಾಗಿಂದ ಬಸ್ ಚಾರ್ಜಿನ ಯೋಚನೆ ಇಲ್ಲ, ಆಧಾರ್ ಕಾರ್ಡ್ ತೋರಿಸಿ ಝೀರೋ ಟಿಕೆಟ್ ತಗೊಂಡು ಒಂದು ಚೀಲ ತೆಂಗಿನಕಾಯಿ ಹೊತ್ಕೊಂಡು ಇಳೀತಾರೆ. ಆಮೇಲೆ ಅವರ ಜೊತೇಲೇ ಮಕ್ಕಳು ಊರಿಗೆ, ಹತ್ತು ದಿನ. ವಾಪಸ್ ಬಂದ ವಾರ ಪಕ್ಕದ ರಸ್ತೆಯ ಬೇಸಿಗೆ ಶಿಬಿರ. ಉಳಿದಿದ್ದು ನಂದು ಐದು ದಿನ, ಯಜಮಾನ್ರದ್ದು ಐದು ದಿನ ರಜೆ, ಒಟ್ಟಿಗೆ ಹಾಕೋ ಹಾಗಿಲ್ಲ, ಒಬ್ಬರಾದ ಮೇಲೆ ಒಬ್ಬರು. ಅದರಿಂದ ನಾವಿಬ್ಬರೂ ಒಟ್ಟಿಗೆ ಎಲ್ಲೂ ಟೂರ್ ಹೋಗೋಕಾಗ್ತಿಲ್ಲ, ಆ ಬೇಜಾರು ಇದ್ದೇ ಇದೆ. ಇಷ್ಟೆಲ್ಲ ಹೊಲಿದ ಮೇಲೂ ಮೇ ಮೂರನೇ ವಾರದಲ್ಲಿ ಮೂರು ದಿನ ಖಾಲಿ ಉಳಿಯತ್ತೆ. ಈ ಸಲ ಅದಕ್ಕೆ ಕೆಳಗಿನ ಮನೆಯವರ ಜೊತೆ ಮಾತಾಡಿದೀನಿ, ಅವರೂ ಕೆಲಸಕ್ಕೆ ಹೋಗೋರೇ, ಮೂರು ದಿನ ಅವರ ಮನೇಲಿ ನಾಲ್ಕೂ ಮಕ್ಕಳು, ಮುಂದಿನ ವಾರ ಮೂರು ದಿನ ನಮ್ಮನೇಲಿ. ಕ್ಯಾಲೆಂಡರಲ್ಲಿ ಬರೆದಾಗಿದೆ, ಪಕ್ಕದಲ್ಲಿ ಮಗ ನಾಲ್ಕು ಕಡ್ಡಿ ಗೊಂಬೆ ಬಿಡಿಸಿದಾನೆ.